ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿ ಜೊತೆ ಇರುವವರಿಗೆ: ಸೋಂಕು ಹತ್ತಿರ ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ?

ಮಾವಿನ ಕಾಲ. ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಶ್ರೀನಿವಾಸಪುರದ ಹತ್ತಿರದ ಹಳ್ಳಿ ನಮ್ಮದು. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು, ಒಳಗೆ ರಾಡ್ ಹಾಕಿದರು. ಹದಿಮೂರು ದಿನ ನಾನು ಮಂಚದ ಪಕ್ಕ ಚಾಪೆ ಹಾಸಿಕೊಂಡು ಇದ್ದೆ. ಮೊದಲ ದಿನವೇ ಮೂಳೆ ಡಾಕ್ಟರು ನನ್ನನ್ನು ಕರೆದು ಒಂದು ಮಾತು ಹೇಳಿದರು: "ಮೂಳೆ ಕೂಡಿಸೋದು ನಮ್ಮ ಕೆಲಸ ಕಣಮ್ಮ. ಕೀವು ಆಗದ ಹಾಗೆ ನೋಡ್ಕೊಳ್ಳೋದ್ರಲ್ಲಿ ನಿಂದೂ ಅರ್ಧ ಪಾಲಿದೆ."

ಆ ಮಾತು ನನಗೆ ಹೊಸದು. ಆಸ್ಪತ್ರೆ ಕ್ಲೀನ್ ಇಡೋದು ಆಸ್ಪತ್ರೆಯವರ ಕೆಲಸ ಅಂತ ನಾನು ತಿಳಿದಿದ್ದೆ. ಅದು ಅವರ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ದಿನ ರೋಗಿಯನ್ನು ಮುಟ್ಟುವವರು ಯಾರು? ಊಟ ಮಾಡಿಸುವವರು, ಬೆಡ್ ಪ್ಯಾನ್ ಇಡುವವರು, ಮಗ್ಗುಲು ತಿರುಗಿಸುವವರು ನಾವೇ ಅಲ್ವಾ? ಕೋಲಾರ, ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಕೆಜಿಎಫ್, ಎಲ್ಲೇ ಆಗಲಿ, ನಾಳೆ ನಿಮ್ಮ ಮನೆಯವರು ಸರ್ಕಾರಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಉಪಯೋಗಕ್ಕೆ ಬರಲಿ ಅಂತ, ಆ ಹದಿಮೂರು ದಿನದಲ್ಲಿ ಕಲಿತದ್ದನ್ನು, ಆಮೇಲೆ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮನೆ ಬಿಡುವ ಮೊದಲು

ಚೀಲದಲ್ಲಿ ಇವು ಇರಲಿ: ಎರಡು ಸೋಪು, ನೀರು ಸೋರುವ ತೂತಿನ ಸೋಪ್ ಡಬ್ಬ, ನೂರು ಎಂಎಲ್ ಸ್ಯಾನಿಟೈಸರ್, ನಾಲ್ಕೈದು ಹಳೇ ಕಾಟನ್ ಬಟ್ಟೆ, ರೋಗಿಗೊಂದು ನಿಮಗೊಂದು ಟವೆಲ್, ಮುಚ್ಚಳ ಇರುವ ಸ್ಟೀಲ್ ಡಬ್ಬ, ಎರಡು ಚೊಂಬು. ಒಂದು ಚೊಂಬು ಕುಡಿಯುವ ನೀರಿಗೆ, ಇನ್ನೊಂದು ಶೌಚಾಲಯಕ್ಕೆ. ಎರಡೂ ಒಂದೇ ತರಹ ಇದ್ದರೆ ಅದಲುಬದಲು ಆಗುತ್ತದೆ, ಒಂದಕ್ಕೆ ದಾರ ಕಟ್ಟಿ. ಆಸ್ಪತ್ರೆಯ ನೆಲ ತುಳಿಯಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ.

ಸೋಪಿನ ಡಬ್ಬಕ್ಕೆ ತೂತು ಯಾಕೆ ಬೇಕು? ನೀರಲ್ಲೇ ನೆಂದು ಲೋಳೆಯಾದ ಸೋಪಿನ ಮೇಲೆ ರೋಗಾಣು ಬದುಕುತ್ತವೆ. ಸೋಪು ಯಾವಾಗಲೂ ಒಣಗಿರಬೇಕು.

ಇನ್ನೊಂದು ವಸ್ತು ನಮ್ಮ ಜಿಲ್ಲೆಗೆ ತುಂಬಾ ಮುಖ್ಯ. ಕೋಲಾರದ ನೀರಿನ ಕಥೆ ಗೊತ್ತೇ ಇದೆ. ವರ್ಷಪೂರ್ತಿ ಹರಿಯುವ ಒಂದು ನದಿ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿವೆ. ಆಸ್ಪತ್ರೆಯ ನಲ್ಲಿ ಯಾವಾಗ ಬೇಕಾದರೂ ನಿಲ್ಲಬಹುದು. ಎರಡು ಲೀಟರಿನ ಖಾಲಿ ನೀರಿನ ಬಾಟಲಿ ತಗೊಳ್ಳಿ. ಕಾದ ಸೂಜಿಯಿಂದ ಮುಚ್ಚಳಕ್ಕೆ ಮೂರ್ನಾಲ್ಕು ತೂತು ಮಾಡಿ. ನೀರು ತುಂಬಿಸಿ, ತಲೆಕೆಳಗಾಗಿ ಕಿಟಕಿ ಸರಳಿಗೆ ಕಟ್ಟಿ, ಕೆಳಗೊಂದು ಬಕೆಟ್ ಇಡಿ. ಬಾಟಲಿ ಅಮುಕಿದರೆ ನೀರು ಸಣ್ಣಗೆ ಧಾರೆಯಾಗಿ ಬೀಳುತ್ತದೆ. ಮಂಚದ ಪಕ್ಕದಲ್ಲೇ ಕೈ ತೊಳೆಯುವ ನಲ್ಲಿ ಸಿಕ್ಕ ಹಾಗಾಯ್ತು. ಇದನ್ನು ನನಗೆ ಹೇಳಿಕೊಟ್ಟವರು ಪಕ್ಕದ ಮಂಚದ ಅಜ್ಜಿಯ ಸೊಸೆ. ಮೂರನೇ ದಿನ ನಮ್ಮ ವಾರ್ಡಿನಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೀರಿರಲಿಲ್ಲ. ಆವತ್ತು ಆರು ಮನೆಯವರು ಅದೇ ಬಾಟಲಿಯಲ್ಲಿ ಕೈ ತೊಳೆದರು.

ವಾರ್ಡಿಗೆ ಹೋದ ಕೂಡಲೇ

ಸಾಮಾನು ಇಡುವ ಮೊದಲು ಹಾಸಿಗೆ ನೋಡಿ. ರೆಕ್ಸಿನ್ ಹರಿದಿದೆಯಾ? ಹರಿದ ಜಾಗದಿಂದ ಹಿಂದಿನ ರೋಗಿಯ ರಕ್ತ, ಮೂತ್ರ, ಕೀವು ಎಲ್ಲ ಒಳಗೆ ಇಳಿದಿರುತ್ತದೆ. ಮೇಲೆ ಎಷ್ಟು ಒರೆಸಿದರೂ ಹೋಗಲ್ಲ. ಬೇರೆ ಹಾಸಿಗೆ ಕೇಳಿ. ರೋಗಿಯನ್ನು ಮಲಗಿಸಿದ ಮೇಲೆ ಬದಲಾಯಿಸುವುದು ಕಷ್ಟ, ಮಲಗಿಸುವ ಮೊದಲೇ ಕೇಳಬೇಕು. ಬೆಡ್‌ಶೀಟ್ ದಿನಾ ಬದಲಾಗಬೇಕು. ಕೆಲವು ಆಸ್ಪತ್ರೆಗಳಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಬಣ್ಣದ ಬೆಡ್‌ಶೀಟ್ ಇರುತ್ತದೆ. ನಿನ್ನೆಯದು ಬದಲಾಗದಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಆಮೇಲೆ ರೋಗಿ ಜಾಸ್ತಿ ಮುಟ್ಟುವ ಜಾಗಗಳು: ಮಂಚದ ಕಂಬಿ, ಲಾಕರಿನ ಮೇಲ್ಭಾಗ, ಸಲೈನ್ ಸ್ಟ್ಯಾಂಡಿನ ಹಿಡಿ, ಸ್ವಿಚ್ಚು. ಇವನ್ನು ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನೀವೇ ದಿನಕ್ಕೆರಡು ಸಲ ಒರೆಸಬಹುದು. ಸ್ವಿಚ್ಚಿಗೆ ಮಾತ್ರ ಒದ್ದೆ ಬಟ್ಟೆ ಬೇಡ, ಒಣ ಬಟ್ಟೆಗೆ ಸ್ಯಾನಿಟೈಸರ್ ಹಾಕಿ ಒರೆಸಿ. ಎರಡು ಮಂಚದ ನಡುವೆ ಒಂದು ಮೀಟರ್ ಜಾಗ ಇರಬೇಕು. ನಮ್ಮ ವಾರ್ಡುಗಳ ರಶ್ಶಿನಲ್ಲಿ ಅದು ಯಾವಾಗಲೂ ಸಿಗಲ್ಲ. ಪಕ್ಕದವರಿಗೆ ಕೆಮ್ಮು ಇದ್ದರೆ ಒಬ್ಬರ ತಲೆ ಈ ಕಡೆ, ಇನ್ನೊಬ್ಬರ ತಲೆ ಆ ಕಡೆ ಮಾಡಿಸಿ ಅಂತ ಸಿಸ್ಟರ್ ಹತ್ತಿರ ಕೇಳಿ. ಅಷ್ಟಾದರೂ ಆಗುತ್ತದೆ.

ವಾರ್ಡಿನಲ್ಲಿ ಪೊರಕೆ ಹಿಡಿದು ಒಣ ಕಸ ಗುಡಿಸುತ್ತಿದ್ದರೆ ಬೇಡ ಅನ್ನಿ. ಗುಡಿಸಿದರೆ ಧೂಳು ಎದ್ದು ಡ್ರೆಸಿಂಗ್ ಮೇಲೆ, ಊಟದ ಮೇಲೆ ಕೂರುತ್ತದೆ. ಅದಕ್ಕೇ ರೋಗಿಗಳು ಇರುವ ಜಾಗದಲ್ಲಿ ಒದ್ದೆ ಮಾಪ್ ಹಾಕಬೇಕು ಅನ್ನುತ್ತಾರೆ. ಸರಿಯಾದ ಕ್ರಮದಲ್ಲಿ ಮೂರು ಬಕೆಟ್ ಇರುತ್ತವೆ: ಒಂದರಲ್ಲಿ ಸೋಪು ನೀರು, ಒಂದರಲ್ಲಿ ಮಾಪ್ ಜಾಲಿಸಲು ಬರೀ ನೀರು, ಇನ್ನೊಂದರಲ್ಲಿ ರೋಗಾಣು ಕೊಲ್ಲುವ ದ್ರಾವಣ. ಒಂದೇ ಬಕೆಟ್ಟಿನ ಕಪ್ಪು ನೀರಿನಲ್ಲಿ ಶೌಚಾಲಯದಿಂದ ಶುರುಮಾಡಿ ವಾರ್ಡಿನವರೆಗೆ ಒರೆಸಿದರೆ ಗಲೀಜನ್ನು ಎಲ್ಲ ಕಡೆ ಹಚ್ಚಿದ ಹಾಗೆ ಆಗುತ್ತದೆ.

ಕೈ

ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಹೆರಿಗೆ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಸಾಯುವುದನ್ನು ನೋಡುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ತಾಯಂದಿರು ತೀರಿಕೊಂಡರು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ, ಅಂದರೆ ನಮ್ಮ ಬ್ಲೀಚಿಂಗ್ ಪುಡಿಯ ನೀರಿನಲ್ಲಿ, ಕೈ ತೊಳೆದೇ ಒಳಗೆ ಬರಬೇಕು ಅಂತ ಅವರು ಕಟ್ಟಪ್ಪಣೆ ಮಾಡಿದರು. ಜೂನ್ ಹೊತ್ತಿಗೆ ಆ ಲೆಕ್ಕ ನೂರಕ್ಕೆ 2ರ ಹತ್ತಿರ ಬಂತು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಬರೀ ಕೈ.

ಯಾವಾಗ ತೊಳೆಯಬೇಕು? ರೋಗಿಗೆ ಊಟ, ನೀರು, ಮಾತ್ರೆ ಕೊಡುವ ಮೊದಲು. ಅವರನ್ನು ಮುಟ್ಟುವ ಮೊದಲು. ಬೆಡ್ ಪ್ಯಾನ್, ಮೂತ್ರದ ಚೀಲ, ವಾಂತಿ, ಕಫ ಮುಟ್ಟಿದ ಮೇಲೆ. ಶೌಚಾಲಯಕ್ಕೆ ಹೋಗಿ ಬಂದ ಮೇಲೆ. ಬೇರೆ ರೋಗಿಗೆ ಸಹಾಯ ಮಾಡಿ ವಾಪಸ್ ಬಂದ ಮೇಲೆ. ಈ ಕೊನೆಯದನ್ನು ನಾವೆಲ್ಲ ಮರೆಯುತ್ತೇವೆ. ಪಕ್ಕದವರನ್ನು ಎತ್ತಿ ಕೂರಿಸುತ್ತೇವೆ, ಅದೇ ಕೈಯಲ್ಲಿ ಬಂದು ನಮ್ಮವರ ಬಾಯಿ ಒರೆಸುತ್ತೇವೆ. ಸಹಾಯ ಮಾಡಲೇಬೇಕು. ಮಾಡಿದ ಮೇಲೆ ಕೈ ತೊಳೆದರೆ ಆಯ್ತು.

ಹೇಗೆ ತೊಳೆಯಬೇಕು? ಸೋಪು ನೀರಾದರೆ 40ರಿಂದ 60 ಸೆಕೆಂಡು ಬೇಕು. ಮೊದಲು ಅಂಗೈಗೆ ಅಂಗೈ ಉಜ್ಜಿ. ಆಮೇಲೆ ಕೈಯ ಹಿಂಭಾಗ. ಬೆರಳು ಬೆರಳಿನ ಸಂದಿ. ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುವಿ. ಕೊನೆಗೆ ಬೆರಳ ತುದಿಗಳನ್ನು ಅಂಗೈ ಮೇಲೆ ಕೆರೆದ ಹಾಗೆ ಉಜ್ಜಿ, ಉಗುರಿನ ಸಂದಿಗೂ ಸೋಪು ಹೋಗಬೇಕು. ಹೆಬ್ಬೆರಳು, ಬೆರಳ ತುದಿ ಇವೆರಡನ್ನೇ ಜನ ಜಾಸ್ತಿ ಬಿಡುವುದು. ನಮ್ಮ ಕಡೆಯ ಗಡಸು ನೀರಿನಲ್ಲಿ ಸೋಪು ನೊರೆ ಬರುವುದೇ ನಿಧಾನ. ನೊರೆ ಬರಲಿಲ್ಲ ಅಂತ ಬಿಡಬೇಡಿ, ಇನ್ನೊಂದು ಸಲ ಸೋಪು ಹಚ್ಚಿ.

ಹೆಂಗಸರಿಗೆ ಒಂದು ಮಾತು. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ತೊಳೆಯಿರಿ. ನನ್ನ ಕೈಯಲ್ಲಿ ಒಂದು ಡಜನ್ ಗಾಜಿನ ಬಳೆ ಇದ್ದವು. ಅಮ್ಮನ ಡ್ರೆಸಿಂಗ್ ಮಾಡುವಾಗ ಹಿಡಿದುಕೊಳ್ಳಲು ಬಗ್ಗಿದರೆ ಬಳೆಗಳು ಜಾರಿ ಬಂದು ಪ್ಲಾಸ್ಟರಿನ ಅಂಚಿಗೆ ತಾಗುತ್ತಿದ್ದವು. ಸಿಸ್ಟರ್ ಏನೂ ಅನ್ನಲಿಲ್ಲ, ಬಳೆ ಕಡೆ ಒಂದು ಸಲ ನೋಡಿದರು ಅಷ್ಟೇ. ಮಧ್ಯಾಹ್ನ ಬಳೆ ಸಂದಿಗೆ ಬೆರಳು ಹಾಕಿ ನೋಡಿದೆ. ಹಿಂದಿನ ದಿನದ ಮುದ್ದೆಯ ಹಿಟ್ಟು ಅಲ್ಲೇ ಒಣಗಿ ಕೂತಿತ್ತು. ಎರಡೇ ಉಳಿಸಿಕೊಂಡು ಮಿಕ್ಕ ಬಳೆಗಳನ್ನು ತೆಗೆದು ಕರ್ಚೀಫಿನಲ್ಲಿ ಗಂಟು ಹಾಕಿ ಇಟ್ಟೆ.

ಸ್ಯಾನಿಟೈಸರ್ ಆದರೆ ಅಂಗೈ ತುಂಬ ಹಾಕಿಕೊಂಡು ಇದೇ ರೀತಿ 20ರಿಂದ 30 ಸೆಕೆಂಡು ಉಜ್ಜಿ, ತಾನಾಗಿ ಒಣಗಲು ಬಿಡಿ. ಸೀರೆಗೆ ಒರೆಸಿಕೊಳ್ಳಬೇಡಿ. ಕೈಗೆ ಕೊಳೆ ಕಾಣುತ್ತಿದ್ದರೆ, ರೋಗಿಗೆ ಭೇದಿ ಆಗುತ್ತಿದ್ದರೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

ಡಾಕ್ಟರ್, ಸಿಸ್ಟರ್ ಕೈ ತೊಳೆದರಾ ಅಂತ ಕೇಳಬಹುದಾ? ಕೇಳಬಹುದು. ನನಗೂ ಮೊದಲು ಹೆದರಿಕೆ ಇತ್ತು. "ಸಿಸ್ಟರ್, ಸ್ಯಾನಿಟೈಸರ್ ಇಲ್ಲೇ ಇದೆ, ತಗೊಳ್ಳಿ" ಅಂತ ಬಾಟಲಿ ಮುಂದೆ ಹಿಡಿದರೆ ಸಾಕು, ಯಾರಿಗೂ ಬೇಜಾರಾಗಲ್ಲ. ಒಬ್ಬ ರೋಗಿಗೆ ಹಾಕಿದ ಗ್ಲೌಸಿನಲ್ಲೇ ಇನ್ನೊಬ್ಬರ ಡ್ರೆಸಿಂಗಿಗೆ ಬಂದರೆ ಮಾತ್ರ ಬಾಯಿ ಬಿಟ್ಟು ಹೇಳಿ. ಗ್ಲೌಸು ಹಾಕಿದ್ದರೆ ಕೈ ತೊಳೆದ ಹಾಗಲ್ಲ.

ಫೋನ್ ಕೂಡ ಕೈಯ ಲೆಕ್ಕವೇ. ಶೌಚಾಲಯಕ್ಕೂ ತಗೊಂಡು ಹೋಗುತ್ತೇವೆ, ವಿಡಿಯೋ ಕಾಲ್ ಅಂತ ರೋಗಿಯ ಮುಖದ ಹತ್ತಿರವೂ ಹಿಡಿಯುತ್ತೇವೆ. ದಿನಕ್ಕೆರಡು ಸಲ ಒರೆಸಿ.

ಚುಚ್ಚಿರುವ ಸೂಜಿ, ಹಾಕಿರುವ ಪೈಪು

ಇಂಜೆಕ್ಷನ್ ಕೊಡುವಾಗ ಸಿರಿಂಜನ್ನು ನಿಮ್ಮ ಮುಂದೆಯೇ ಹೊಸ ಪ್ಯಾಕೆಟ್ ಹರಿದು ತೆಗೆಯಬೇಕು. ಕೈಗೆ ಹಾಕಿರುವ ಸಲೈನ್ ಸೂಜಿಯ ಟೇಪಿನ ಮೇಲೆ ತಾರೀಖು ಬರೆದಿದೆಯಾ ನೋಡಿ, ಇಲ್ಲದಿದ್ದರೆ ಬರೆಸಿ. ಆ ಜಾಗ ಕೆಂಪಾದರೆ, ಊದಿದರೆ, ನೋವು ಬಂದರೆ, ಟೇಪು ಒದ್ದೆಯಾದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಹೇಳಿ.

ಮೂತ್ರದ ಪೈಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಸ್ಪತ್ರೆಯಲ್ಲಿ ಮೂತ್ರದ ಸೋಂಕು ಬರುವುದು ಹೆಚ್ಚಾಗಿ ಈ ಪೈಪಿನ ದಾರಿಯಲ್ಲೇ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಮೇಲಿಟ್ಟರೆ ಚೀಲದ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಎಕ್ಸ್‌ರೇಗೆ ಅಂತ ಸ್ಟ್ರೆಚರ್ ಮೇಲೆ ಮಲಗಿಸಿದಾಗ ಅಮ್ಮನ ಚೀಲವನ್ನು ಅವರ ಹೊಟ್ಟೆ ಮೇಲೆ ಇಟ್ಟುಬಿಟ್ಟರು. ಹಳದಿ ಮೂತ್ರ ಪೈಪಿನಲ್ಲಿ ಹಿಂದಕ್ಕೆ ಜಾರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ತೆಗೆದು ಸ್ಟ್ರೆಚರಿನ ಪಕ್ಕದ ಕಂಬಿಗೆ ನೇತು ಹಾಕಿದೆ. ಚೀಲ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿಸಿ. ಪೈಪನ್ನು ಚೀಲದಿಂದ ಬಿಚ್ಚಲೇಬಾರದು, ಕೆಳಗಿನ ತಿರುಪಿನಿಂದ ಮಾತ್ರ ಖಾಲಿ ಮಾಡಬೇಕು. ದಿನಾ ರೌಂಡ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಸಾರ್, ಈ ಪೈಪ್ ಇನ್ನೂ ಬೇಕಾ?" ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು.

ಮಲಗಿದಲ್ಲೇ ಇರುವವರ ಬಾಯಿಯನ್ನು ದಿನಕ್ಕೆರಡು ಸಲ ಬ್ರಷ್‌ನಿಂದ ಕ್ಲೀನ್ ಮಾಡಿ. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ವಯಸ್ಸಾದವರಿಗೆ ಈ ಅಪಾಯ ಜಾಸ್ತಿ.

ಯಾವ ಕಸ ಯಾವ ಬಕೆಟ್ಟಿಗೆ

ವಾರ್ಡಿನ ಮೂಲೆಯಲ್ಲಿ ಬಣ್ಣ ಬಣ್ಣದ ಬಕೆಟ್ ಇರುತ್ತವೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಇಟ್ಟಿರುವುದು. ಹಳದಿಗೆ ರಕ್ತ, ಕೀವು ಆದ ಹತ್ತಿ, ಬ್ಯಾಂಡೇಜು. ಕೆಂಪಿಗೆ ಸಲೈನ್ ಪೈಪು, ಮೂತ್ರದ ಚೀಲ, ಗ್ಲೌಸಿನಂಥ ಪ್ಲಾಸ್ಟಿಕ್. ನೀಲಿಗೆ ಔಷಧಿಯ ಗಾಜಿನ ಬಾಟಲಿ. ಬಿಳಿಯ ಗಟ್ಟಿ ಡಬ್ಬಕ್ಕೆ ಸೂಜಿ, ಬ್ಲೇಡು. ನಮ್ಮ ಬಾಳೆಹಣ್ಣಿನ ಸಿಪ್ಪೆ, ಬ್ರೆಡ್ ಕವರ್, ಅನ್ನ ಇದ್ಯಾವುದಕ್ಕೂ ಸೇರಿದ್ದಲ್ಲ. ಅದಕ್ಕೆ ಬೇರೆ ಸಾಮಾನ್ಯ ಕಸದ ಡಬ್ಬ ಇರುತ್ತದೆ. ಸಾಮಾನ್ಯ ಕಸ ನಗರಸಭೆಯ ಗಾಡಿಗೆ ಹೋಗುತ್ತದೆ, ಪೌರಕಾರ್ಮಿಕರು ಕೈ ಹಾಕಿ ಬೇರೆ ಮಾಡುತ್ತಾರೆ. ರಕ್ತದ ಹತ್ತಿ ಅದರಲ್ಲಿ ಸೇರಿದರೆ ಅವರ ಕೈಗೆ ಬಂತು ಅಂತಲೇ ಲೆಕ್ಕ.

ಸಕ್ಕರೆ ಕಾಯಿಲೆಯವರು ಮನೆಯಿಂದ ಇನ್ಸುಲಿನ್ ತಂದಿರುತ್ತಾರೆ. ಆ ಸೂಜಿಯನ್ನು ಪೇಪರಿನಲ್ಲಿ ಸುತ್ತಿ ಊಟದ ಕಸಕ್ಕೆ ಹಾಕಲೇಬೇಡಿ. ಸಿಸ್ಟರ್ ಕೈಗೆ ಕೊಡಿ. ನಿಮಗೇ ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಡಬೇಡಿ, ಸೋಪು ನೀರಿನಲ್ಲಿ ತೊಳೆದು ಕೂಡಲೇ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರು ಮಾಡಬೇಕು, ಮೊದಲ ಕೆಲವು ಗಂಟೆಯಲ್ಲೇ ಆದರೆ ತುಂಬಾ ಒಳ್ಳೆಯದು.

ನೆಲದ ಮೇಲೆ ರಕ್ತ ಚೆಲ್ಲಿದರೆ ನೀವು ಹಳೇ ಬಟ್ಟೆಯಿಂದ ಒರೆಸಬೇಡಿ. ಸಿಬ್ಬಂದಿ ಗ್ಲೌಸು ಹಾಕಿ, ರೋಗಾಣು ಕೊಲ್ಲುವ ಹೈಪೋಕ್ಲೋರೈಟ್ ದ್ರಾವಣ ಸುರಿದು, ಸ್ವಲ್ಪ ಹೊತ್ತು ಬಿಟ್ಟು ತೆಗೆಯಬೇಕು. ಮತ್ತೆ, ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ಆ್ಯಸಿಡ್ ಬೆರೆಸುವವರನ್ನು ನೋಡಿದ್ದೇನೆ. ವಿಷದ ಗಾಳಿ ಬರುತ್ತದೆ. ಬೇಡ.

ನೋಡಲು ಬರುವವರು

ನಮ್ಮೂರಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಪ್ರೀತಿಯಿಂದಲೇ ಬಂದದ್ದು. ಆದರೆ ನಾಲ್ಕು ಜನ ಮಂಚದ ಮೇಲೇ ಕೂತರು, ಇಬ್ಬರಿಗೆ ನೆಗಡಿ. ಒಳಗೆ ಒಂದು ಸಲಕ್ಕೆ ಇಬ್ಬರು, ಮಂಚದ ಮೇಲೆ ಕೂರುವ ಹಾಗಿಲ್ಲ, ಕೆಮ್ಮು ಜ್ವರ ಇದ್ದವರು ಫೋನಿನಲ್ಲೇ ಮಾತಾಡಲಿ, ಚಿಕ್ಕ ಮಕ್ಕಳು ಬೇಡ. ಇದನ್ನು ಮನೆಯ ಹಿರಿಯರೊಬ್ಬರ ಬಾಯಲ್ಲಿ ಮೊದಲೇ ಹೇಳಿಸಿಬಿಡಿ, ಯಾರಿಗೂ ಮನಸ್ಸಿಗೆ ನೋವಾಗಲ್ಲ. ತಂದ ಹಣ್ಣು ಅರ್ಧ ತಿಂದು ಲಾಕರಿನಲ್ಲಿ ಇಟ್ಟರೆ ಇರುವೆ, ಇಲಿ ಬರುತ್ತವೆ. ಮಿಕ್ಕಿದ್ದನ್ನು ಸಂಜೆಯೇ ಕಳಿಸಿಬಿಡಿ.

ಬಾಣಂತಿ ವಾರ್ಡಿನಲ್ಲಿ ಇದು ಎರಡು ಪಟ್ಟು ಮುಖ್ಯ. ಮಗುವನ್ನು ಎತ್ತಿಕೊಳ್ಳುವವರು ಎಲ್ಲರೂ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನೂ ಹಚ್ಚಬೇಡಿ, ಒಣಗಿರಲಿ ಸಾಕು.

ಗಲೀಜಿದ್ದರೆ ಯಾರಿಗೆ ಹೇಳಬೇಕು

ನಮ್ಮ ವಾರ್ಡಿನ ಶೌಚಾಲಯ ಎರಡು ದಿನ ಕಟ್ಟಿಕೊಂಡಿತ್ತು. ನಾನು ಕೋಪದಲ್ಲಿ ಕ್ಲೀನ್ ಮಾಡುವ ಅಕ್ಕನ ಮೇಲೆ ಕೂಗಾಡಿದೆ. ಅವರು ಮಾಪ್ ಗೋಡೆಗೆ ಒರಗಿಸಿ, "ಅಕ್ಕಾ, ರಾತ್ರಿ ಮೂರು ವಾರ್ಡಿಗೆ ನಾನೊಬ್ಳೇ. ನೀರೂ ಇಲ್ಲ. ನಾನೇನ್ ಮಾಡ್ಲಿ ಹೇಳಿ?" ಅಂದರು. ಅವರ ಗ್ಲೌಸಿನ ಎರಡು ಬೆರಳು ಹರಿದಿದ್ದವು. ಆವತ್ತಿನಿಂದ ನಾನು ಅವರ ಮೇಲೆ ದನಿ ಎತ್ತಲಿಲ್ಲ. ದೂರು ಸರಿಯಾದ ಜಾಗಕ್ಕೆ ಹೋಗಬೇಕು.

ಮೊದಲು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಬೆಳಗ್ಗೆ ಪಾಳಿ ಬದಲಾದ ಮೇಲೆ, ರೌಂಡ್ಸ್ ಶುರುವಾಗುವ ಮೊದಲು ಹೇಳಿ. ಶೌಚಾಲಯದ ಬಾಗಿಲ ಹಿಂದೆ ಯಾವಾಗ ಕ್ಲೀನ್ ಮಾಡಿದರು, ಯಾರು ಸಹಿ ಹಾಕಿದರು ಅನ್ನುವ ಹಾಳೆ ಅಂಟಿಸಿರುತ್ತಾರೆ. ಅದರ ಫೋಟೋ ತೆಗೆದುಕೊಳ್ಳಿ. ಬೇರೆ ರೋಗಿಗಳು ಫೋಟೋದಲ್ಲಿ ಬರಬಾರದು.

ಒಂದು ದಿನದಲ್ಲಿ ಸರಿಹೋಗದಿದ್ದರೆ ಬರೆದು ಕೊಡಿ. ಜಿಲ್ಲಾ ಆಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ. ಅರ್ಧ ಹಾಳೆ ಸಾಕು: ವಾರ್ಡ್, ತಾರೀಖು, ಎಷ್ಟು ಹೊತ್ತಿನಿಂದ ನೀರಿಲ್ಲ, ಯಾವ ಶೌಚಾಲಯ. "ಗಲೀಜಾಗಿದೆ" ಅಂತ ಬರೆದರೆ ಏನೂ ಆಗಲ್ಲ. "ಮಹಿಳಾ ವಾರ್ಡಿನ ಎರಡು ಶೌಚಾಲಯದಲ್ಲಿ ಒಂದು ಸೋಮವಾರದಿಂದ ಕಟ್ಟಿಕೊಂಡಿದೆ, 30 ಜನಕ್ಕೆ ಒಂದೇ ಉಳಿದಿದೆ" ಅಂತ ಬರೆದರೆ ಕೆಲಸ ಆಗುತ್ತದೆ. ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾನು ಹೀಗೆ ಐದು ಮನೆಯವರ ಸಹಿ ಹಾಕಿಸಿ ಕೊಟ್ಟೆ. ಮಧ್ಯಾಹ್ನ ಪ್ಲಂಬರ್ ಬಂದರು.

ಅರ್ಜಿಯಲ್ಲಿ "ಕಾಯಕಲ್ಪ" ಅನ್ನುವ ಪದ ಬಳಸಿ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಕೊಡುವ ಕೇಂದ್ರದ ಯೋಜನೆ ಅದು, 2015ರಲ್ಲಿ ಶುರುವಾಯಿತು. ಬಹುಮಾನದ ಪಟ್ಟಿಗೆ ಬರಲು ನೂರಕ್ಕೆ 70 ಅಂಕವಾದರೂ ಬೇಕು. ಶೌಚಾಲಯ, ಕಸ, ಸೋಂಕು ತಡೆ ಎಲ್ಲಕ್ಕೂ ಅದರಲ್ಲಿ ಅಂಕ ಇದೆ. ಆಸ್ಪತ್ರೆಯ ಅಭಿವೃದ್ಧಿ ನೋಡಿಕೊಳ್ಳಲು ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದಕ್ಕೂ ಒಂದು ಪ್ರತಿ ಕೊಡಿ. ಇಷ್ಟಾದರೂ ಆಗದಿದ್ದರೆ 1902ಕ್ಕೆ ಫೋನ್ ಮಾಡಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ ಅದು. ದೂರಿನ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ.

ಊರಿನ ಸಂಘದವರು, ಯುವಕರು ಇದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದದ್ದು ಇದು: ಸ್ವಚ್ಛತೆಯ ಗುತ್ತಿಗೆಯಲ್ಲಿ ಎಷ್ಟು ಜನ ಇರಬೇಕು, ಹೋದ ತಿಂಗಳು ದಿನಾ ಎಷ್ಟು ಜನ ಬಂದರು, ಎಷ್ಟು ಗ್ಲೌಸು ಕೊಟ್ಟರು. ರಾತ್ರಿ ಮೂರು ವಾರ್ಡಿಗೆ ಒಬ್ಬರೇ ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ.

ಮನೆಗೆ ಬಂದ ಮೇಲೆ

ಆಸ್ಪತ್ರೆಯ ಬಟ್ಟೆಗಳನ್ನು ಮನೆಯ ಬಟ್ಟೆ ಜೊತೆ ಸೇರಿಸದೆ, ಬಿಸಿ ನೀರಿನಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿ. ಗಾಯಕ್ಕೆ ಡಾಕ್ಟರ್ ಹೇಳದ ಪುಡಿ, ಸೊಪ್ಪಿನ ರಸ ಹಾಕಬೇಡಿ.

ಆಪರೇಷನ್ ಗಾಯಕ್ಕೆ ಸೋಂಕು ಮನೆಗೆ ಬಂದ ಮೇಲೂ ಕಾಣಿಸಿಕೊಳ್ಳಬಹುದು. 30 ದಿನ ಗಮನ ಇಡಬೇಕು. ಒಳಗೆ ರಾಡ್, ಪ್ಲೇಟ್ ಹಾಕಿದ್ದರೆ 90 ದಿನ. ಜ್ವರ, ಗಾಯದ ಸುತ್ತ ಕೆಂಪು, ಬಿಸಿ, ಕೀವು, ಕೆಟ್ಟ ವಾಸನೆ, ಕಡಿಮೆಯಾಗಿದ್ದ ನೋವು ಮತ್ತೆ ಜಾಸ್ತಿಯಾಗುವುದು, ಇದರಲ್ಲಿ ಒಂದು ಕಂಡರೂ ಊರಿನ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ದಿನ ದೂಡಬೇಡಿ. ಆಪರೇಷನ್ ಆದ ಆಸ್ಪತ್ರೆಗೇ ಡಿಸ್ಚಾರ್ಜ್ ಕಾರ್ಡ್ ತಗೊಂಡು ಹೋಗಿ.

ಅಮ್ಮನ 90ನೇ ದಿನ ಯಾವ ತಾರೀಖಿಗೆ ಬರುತ್ತದೆ ಅಂತ ಎಣಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೆ. ದಿನಾ ಸ್ನಾನದ ಹೊತ್ತಿಗೆ ಗಾಯ ನೋಡಿ, ಆವತ್ತಿನ ಮನೆಯಲ್ಲಿ ಒಂದು ಗೀಟು ಎಳೆಯುತ್ತಿದ್ದೆವು. ಕೊನೆಯ ಗೀಟನ್ನು ಅಮ್ಮನೇ ಕೋಲು ಊರಿಕೊಂಡು ನಡೆದು ಬಂದು ಎಳೆದರು.